ಒಂದೇ ಕೋಣೆಯಲ್ಲಿ ಮೊಲಗಳ ಎರಡು ಗುಂಪುಗಳನ್ನು ನಡುವೆ ಜಾಲರಿ ಹಾಕಿ ಸಾಕಬಹುದೇ?

ನಿಮ್ಮ ಬಳಿ ಚೆನ್ನಾಗಿ ಹೊಂದಿಕೊಂಡಿರುವ ಒಂದು ಗಂಡು-ಹೆಣ್ಣು ಜೋಡಿ ಇದೆ. ಈಗ ಇನ್ನೆರಡು ಹೆಣ್ಣು ಮೊಲಗಳು ಬಂದಿವೆ. ಇರುವುದು ಒಂದೇ ಕೋಣೆ. ನಿನ್ನೆ ನಡುವೆ ಜಾಲರಿ ಕಟ್ಟಿದ್ದೀರಿ, ಓಡಾಡುವ ಜಾಗವನ್ನು ಸರದಿಯಲ್ಲಿ ಬಿಟ್ಟರೆ ಸಾಕಾ ಎಂದು ಕೇಳಿದ್ದೀರಿ. ಒಂದೇ ಕೋಣೆ ಸಾಕು. ಆದರೆ ಒಂದೇ ಜಾಲರಿ ಸಾಲದು. ನಾನೂ ಹೀಗೆಯೇ ಶುರು ಮಾಡಿದ್ದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಗುಂಡ ಮತ್ತು ಬೆಳ್ಳಿ ಒಂದು ಕಡೆ, ಚುಕ್ಕಿ ಮತ್ತು ಅವಳ ತಂಗಿ ಮುತ್ತು ಇನ್ನೊಂದು ಕಡೆ. ಮೊದಲ ಎರಡು ದಿನ ಜಾಲರಿಯ ಆಚೆ ಈಚೆ ಮೂಗಿಗೆ ಮೂಗು ತಾಗಿಸಿ ಕೂರುತ್ತಿದ್ದವು. ಪರಿಚಯ ಮಾಡಿಕೊಳ್ಳುತ್ತಿವೆ ಎಂದು ಖುಷಿಪಟ್ಟು ಫೋಟೊ ತೆಗೆದಿದ್ದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಚುಕ್ಕಿಯ ಮೂಗಿನ ಪಕ್ಕ ಹರಿದು ರಕ್ತ. ಹೊಲಿಗೆ ಹಾಕಿಸಬೇಕಾಯಿತು. ಮೊಲಗಳು ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಜಾಸ್ತಿ ಚುರುಕಾಗಿರುತ್ತವೆ. ನಾವು ಮಲಗಿರುವ ಹೊತ್ತಿಗೇ ಜಗಳ ನಡೆದುಹೋಗಿರುತ್ತದೆ.

ನಮಗೆ ಜಾಲರಿ ಎಂದರೆ ಗೋಡೆ. ಅವುಗಳಿಗೆ ಅದು ಹೊಲದ ಬದು ಇದ್ದ ಹಾಗೆ. ಮೊಲದ ಗದ್ದದ ಕೆಳಗೆ ವಾಸನೆಯ ಗ್ರಂಥಿಗಳಿವೆ. ಗದ್ದ ಉಜ್ಜಿ, ಹಿಕ್ಕೆ ಹಾಕಿ, ಮೂತ್ರ ಸಿಡಿಸಿ ‘ಇದು ನಮ್ಮ ಜಾಗ’ ಎಂದು ಗುರುತು ಮಾಡುತ್ತವೆ. ಬಯಲಲ್ಲಾದರೆ ಸೋತದ್ದು ಓಡಿಹೋಗುತ್ತದೆ, ಜಗಳ ಮುಗಿಯುತ್ತದೆ. ಇಲ್ಲಿ ಯಾರೂ ಸೋಲುವುದಿಲ್ಲ, ಯಾರೂ ಹೋಗುವುದೂ ಇಲ್ಲ. ಅದೇ ಜಗಳ ದಿನಾ ಮುಂದುವರಿಯುತ್ತದೆ.

ಹೊಲಿಗೆ ಆದ ಮೇಲೆ ನಾನು ಒಂದು ಗೇಣು ಬಿಟ್ಟು ಎರಡನೇ ಜಾಲರಿ ಹಾಕಿದೆ. ಇನ್ನು ಹಲ್ಲು ತಾಗುವುದಿಲ್ಲ, ಸಮಸ್ಯೆ ಮುಗಿಯಿತು ಅಂದುಕೊಂಡೆ. ಆಮೇಲೆ ಆಗಿದ್ದೇ ನನಗೆ ಹೆಚ್ಚು ನೋವು ಕೊಟ್ಟಿತು. ಬೆಳ್ಳಿಗೆ ಚುಕ್ಕಿ ಕಾಣುತ್ತಿದ್ದಳು, ಆದರೆ ಸಿಗುತ್ತಿರಲಿಲ್ಲ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಅಂತಾರಲ್ಲ, ಹಾಗೆ ಅವಳು ಪಕ್ಕದಲ್ಲಿದ್ದ ಗುಂಡನ ಮೇಲೆ ತಿರುಗಿಬಿದ್ದಳು. ಎರಡು ವರ್ಷ ಒಂದನ್ನೊಂದು ನೆಕ್ಕುತ್ತಾ ಅಂಟಿಕೊಂಡು ಮಲಗುತ್ತಿದ್ದ ಜೋಡಿ ಅದು. ಗುಂಡನ ಬೆನ್ನಿನ ಕೂದಲು ಗೊಂಚಲು ಗೊಂಚಲಾಗಿ ನೆಲದ ಮೇಲೆ ಬಿದ್ದಿತ್ತು.

ಹಾಗಾಗಿ ಹೊಸ ಮೊಲಗಳಿಗಿಂತ ಮೊದಲು ನಿಮ್ಮ ಹಳೆಯ ಜೋಡಿಯನ್ನು ಗಮನಿಸಿ. ಬಾಲ ಎತ್ತಿ, ಕಿವಿ ಹಿಂದಕ್ಕೆ ಒತ್ತಿಕೊಂಡು ಜಾಲರಿಯುದ್ದಕ್ಕೂ ಓಡಾಡುವುದು, ಹಿಂಗಾಲು ಪದೇ ಪದೇ ನೆಲಕ್ಕೆ ಕುಟ್ಟುವುದು, ಒಂದರ ಹಿಂದೊಂದು ಸುತ್ತು ಹಾಕುವುದು, ನೆಕ್ಕುವುದು ಕಡಿಮೆಯಾಗುವುದು – ಇವು ಕಂಡರೆ ‘ನೋಡೋಣ, ಸರಿಹೋಗುತ್ತೆ’ ಎಂದು ಕಾಯಬೇಡಿ. ಒಮ್ಮೆ ಗಂಭೀರವಾಗಿ ಹೊಡೆದಾಡಿದ ಜೋಡಿಯನ್ನು ಮತ್ತೆ ಹೊಂದಿಸುವುದು ಕಷ್ಟ.

ನಮ್ಮಲ್ಲಿ ಕೆಲಸ ಮಾಡಿದ್ದು ಹಲಗೆ. ನೆಲದಿಂದ ಸುಮಾರು 60 ಸೆಂಟಿಮೀಟರ್‌ವರೆಗೆ ಪ್ಲೈವುಡ್, ಅದರ ಮೇಲೆ ಗಾಳಿಯಾಡಲು ಜಾಲರಿ. ಒಟ್ಟು ಎತ್ತರ ಒಂದು ಮೀಟರ್‌ಗಿಂತ ಜಾಸ್ತಿಯೇ ಇರಲಿ, ಕೆಲವು ಮೊಲಗಳು ನಾವು ನಂಬದಷ್ಟು ಎತ್ತರ ಹಾರುತ್ತವೆ. ಗೂಡು, ಪೆಟ್ಟಿಗೆ ಯಾವುದನ್ನೂ ಬೇಲಿಗೆ ತಾಗಿಸಿ ಇಡಬೇಡಿ, ಅದರ ಮೇಲೆ ಹತ್ತಿಯೇ ಆಚೆ ಹಾರುತ್ತವೆ. ಬುಡವನ್ನು ನೆಲಕ್ಕೆ ಬಿಗಿಮಾಡಿ. ಮೂಗಿನಿಂದ ತಳ್ಳಿ ತಳ್ಳಿ ಸಂದು ಮಾಡುವುದರಲ್ಲಿ ಇವು ಗಟ್ಟಿಗರು. ಒಣಹುಲ್ಲು, ನೀರು, ಹಿಕ್ಕೆಯ ಟ್ರೇ ಎಲ್ಲವೂ ಬೇಲಿಯಿಂದ ದೂರದ ಮೂಲೆಯಲ್ಲಿರಲಿ. ವಾಸನೆ ಹೇಗೂ ದಾಟುತ್ತದೆ. ಆದರೆ ಕಣ್ಣಿಗೆ ಬೀಳದಿದ್ದರೆ ರೋಷ ತುಂಬಾ ಕಡಿಮೆಯಾಗುತ್ತದೆ.

ಸರದಿಯ ವಿಷಯಕ್ಕೆ ಬಂದರೆ, ನಾನು ಅದನ್ನು ಇಷ್ಟಪಡುವುದಿಲ್ಲ. ಒಂದು ಗುಂಪು ಹೋದ ಮೇಲೆ ಇನ್ನೊಂದು ಬಂದು ಎಲ್ಲ ಗುರುತುಗಳ ಮೇಲೆ ತನ್ನ ಗುರುತು ಹಾಕಲು ಶುರುಮಾಡುತ್ತದೆ. ಆಟವಾಡುವ ಹೊತ್ತೆಲ್ಲ ಕಾವಲಿಗೇ ಹೋಗುತ್ತದೆ. ಟ್ರೇ ಬಿಟ್ಟು ಎಲ್ಲೆಂದರಲ್ಲಿ ಹಿಕ್ಕೆ ಬೀಳತೊಡಗಿದರೆ ಹೀಗಾಗುತ್ತಿದೆ ಎಂದೇ ಅರ್ಥ. ಅದಕ್ಕಿಂತ ಕೋಣೆಯನ್ನು ಶಾಶ್ವತವಾಗಿ ಎರಡು ಪಾಲು ಮಾಡಿ. ಎರಡು ಮೊಲಗಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಇರಬೇಕೆಂದು ಮೊಲಗಳ ಕ್ಷೇಮಕ್ಕಾಗಿ ಕೆಲಸ ಮಾಡುವವರು ಹೇಳುತ್ತಾರೆ. ಅಷ್ಟು ಸಿಗದೇ ಇದ್ದಾಗ ಮಾತ್ರ ಸರದಿ. ಆಗಲೂ ಹೊತ್ತು ದಿನಾ ಒಂದೇ ಇರಲಿ. ಟ್ರೇ, ಸುರಂಗ, ಆಟಿಕೆ ಆಯಾ ಗುಂಪಿಗೆ ಬೇರೆ ಬೇರೆ ಇರಲಿ. ನಡುವೆ ನೀರು ಬೆರೆಸಿದ ವಿನೆಗರ್‌ನಿಂದ ನೆಲ ಒರೆಸಿ.

ಒಂದು ಮುಖ್ಯ ವಿಷಯ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಗಂಡು ಮೊಲಕ್ಕೆ ಮರಿಯಾಗದಂತೆ ಮಾಡಿಸುವ ಆಪರೇಷನ್ ಆಗಿದೆಯಾ? ಆಗಿಲ್ಲದಿದ್ದರೆ ಜಾಲರಿಯನ್ನು ನಂಬಲೇಬೇಡಿ, ಅದರ ಸಂದಿನಲ್ಲೇ ಕೂಡಿದ ಮೊಲಗಳಿವೆ. ಗರ್ಭ ಸುಮಾರು 31 ದಿನವಷ್ಟೇ. ಆಪರೇಷನ್ ಆದ ಮೇಲೂ ಗಂಡು ಕೆಲವು ವಾರ ಮರಿ ಹುಟ್ಟಿಸಬಲ್ಲದು, ಆರು ವಾರ ದೂರ ಇಡುವುದು ಒಳ್ಳೆಯದು. ಹೆಣ್ಣುಗಳಿಗೂ ಮಾಡಿಸಿ. ಜಾಗಕ್ಕಾಗಿ ರೇಗುವುದು ಕಡಿಮೆಯಾಗುತ್ತದೆ. ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ, ಅದೂ ತಪ್ಪುತ್ತದೆ.

ಆರೋಗ್ಯದ ದೃಷ್ಟಿಯಿಂದಲೂ ಹಲಗೆ ಮೇಲು. ಮೊಲಗಳ ಮಿದುಳು, ಮೂತ್ರಪಿಂಡಕ್ಕೆ ತಗಲುವ ಎನ್ಸೆಫಲಿಟೊಜೂನ್ ಎಂಬ ಪರಾವಲಂಬಿ ಮೂತ್ರದ ಮೂಲಕ ಹರಡುತ್ತದೆ. ಸಿಡಿಸಿದ ಮೂತ್ರ ಜಾಲರಿ ದಾಟುತ್ತದೆ, ಹಲಗೆ ದಾಟುವುದಿಲ್ಲ. ಹೊಸ ಮೊಲಗಳನ್ನು ಪಶುವೈದ್ಯರು ನೋಡುವವರೆಗಾದರೂ ಬೇರೆಲ್ಲಾದರೂ ಇಡಲು ಆಗುತ್ತದಾ ನೋಡಿ. ಒಂದು ಕಡೆಯವನ್ನು ಎತ್ತಿಕೊಂಡ ಮೇಲೆ ಕೈ ತೊಳೆದು ಇನ್ನೊಂದು ಕಡೆ ಹೋಗಿ. ನಿಮ್ಮ ಅಂಗಿಯ ವಾಸನೆಗೇ ಅವು ಕೆರಳಬಹುದು. ಈ ಗಲಾಟೆಯಲ್ಲಿ ಯಾವುದಾದರೂ ಮೊಲ ಸುಮ್ನೆ ಮೂಲೆ ಸೇರಿ ಅರ್ಧ ದಿನ ಹುಲ್ಲು ಮುಟ್ಟದಿದ್ದರೆ, ಅದನ್ನು ಮುನಿಸು ಅಂದುಕೊಳ್ಳಬೇಡಿ. ಹೆದರಿಕೆಗೂ ಮೊಲದ ಕರುಳು ನಿಂತುಬಿಡುತ್ತದೆ. ತಕ್ಷಣ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಮುಂದೆ ನಾಲ್ಕನ್ನೂ ಒಂದೇ ಗುಂಪು ಮಾಡುವ ಆಸೆ ಇದ್ದರೆ ಅದು ಯಾವ ಮೊಲವೂ ಕಾಲಿಡದ ಬೇರೆ ಜಾಗದಲ್ಲಿ ಆಗಬೇಕು, ಈ ಕೋಣೆಯಲ್ಲಿ ಅಲ್ಲ. ನಮ್ಮಲ್ಲಿ ಅದು ಆಗಲೇ ಇಲ್ಲ. ಗುಂಡ ಮತ್ತು ಬೆಳ್ಳಿ ಮತ್ತೆ ಒಂದಾಗಲು ಎರಡು ತಿಂಗಳು ಹಿಡಿಯಿತು. ಈಗಲೂ ಎರಡು ಮನೆ, ನಡುವೆ ಹಲಗೆ.

ಹಲಗೆ ತರಲು ನಾಳೆಯಾದರೂ ಪರವಾಗಿಲ್ಲ. ಇವತ್ತು ರಾತ್ರಿ ಮಲಗುವ ಮುಂಚೆ ಜಾಲರಿಯ ಎರಡೂ ಕಡೆ ದಪ್ಪ ರಟ್ಟು ಕಟ್ಟಿಬಿಡಿ. ಕಡಿದು ಹಾಕುತ್ತವೆ ನಿಜ, ಆದರೆ ಒಂದು ರಾತ್ರಿ ತಡೆಯುತ್ತದೆ. ಗಂಡಿನ ಆಪರೇಷನ್ ವಿಷಯ ತಿಳಿಸಿ, ಮುಂದಿನದನ್ನು ಅದನ್ನು ನೋಡಿಕೊಂಡು ಹೇಳುತ್ತೇನೆ.