ಮೆಟಚನ್‌ಗೆ ಹೊಸದಾಗಿ ಬಂದ ತಂಗಿಗೆ

ನಿಮ್ಮ ಪತ್ರ ಓದಿದೆ. ನ್ಯೂಜೆರ್ಸಿಯ ಮೆಟಚನ್‌ಗೆ ಬಂದು ಕೆಲವು ತಿಂಗಳಾಗಿದೆ. ಯಜಮಾನರು ಬೆಳಿಗ್ಗೆ ನ್ಯೂಯಾರ್ಕ್ ರೈಲು ಹತ್ತಿದರೆ ಬರುವುದು ಸಂಜೆ. ಮಗಳು ಒಂದನೇ ಕ್ಲಾಸು. "ಅಕ್ಕಾ, ಓಕ್ ಟ್ರೀ ರೋಡಿಗೆ ಹೋದರೆ ಮೆಂತ್ಯ ಸೊಪ್ಪಿನಿಂದ ಹಿಡಿದು ಎಲ್ಲಾ ಸಿಗುತ್ತೆ. ಆದರೆ ನಮ್ಮ ಬೀದಿಯಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ನೋಡಿದರೆ ನಗುತ್ತಾರೆ, ಹಾಯ್ ಅನ್ನುತ್ತಾರೆ, ಹೋಗುತ್ತಾರೆ. ಇಲ್ಲಿನ ಬದುಕು ಇಷ್ಟೇನಾ?" ಅಂತ ಕೇಳಿದ್ದೀರಿ.

ಇಷ್ಟೇ ಅಲ್ಲ. ಆದರೆ ಅವರಾಗಿ ಬಂದು ಬಾಗಿಲು ತಟ್ಟಲಿ ಎಂದು ಕಾಯಬೇಡಿ. ಇಲ್ಲಿ ಮೊದಲೇ ತಿಳಿಸದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಇನ್ನೊಬ್ಬರ ಸಮಯಕ್ಕೆ ಕೊಡುವ ಮರ್ಯಾದೆ ಅದು. ಅದಕ್ಕೇ ನಮ್ಮೂರಲ್ಲಿ ಜಗಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಊರಿನ ನಡುಬೀದಿಯಾದ ಮೇನ್ ಸ್ಟ್ರೀಟ್ ಮಾಡುತ್ತದೆ. ಪರಿಚಯ ಬೀದಿಯಲ್ಲಿ ಶುರುವಾಗಬೇಕು, ಮನೆಯ ಒಳಗೆ ಬರುವುದು ಆಮೇಲೆ.

ನೀವು ಬಂದು ಸೇರಿದ ಜಾಗ ಒಳ್ಳೆಯದು. ಅಮೆರಿಕದ ಎಷ್ಟೋ ಉಪನಗರಗಳಿಗೆ ಮೇನ್ ಸ್ಟ್ರೀಟ್ ಎಂಬುದೇ ಇಲ್ಲ. ಹೆದ್ದಾರಿ, ಮಾಲ್, ಪಾರ್ಕಿಂಗ್, ಅಷ್ಟೇ. ನಮ್ಮ ಸುತ್ತ ಇರುವ ಎಡಿಸನ್ ಅನ್ನೇ ನೋಡಿ. ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ, ಆದರೆ ಎಲ್ಲರೂ ಕಾಲ್ನಡಿಗೆಯಲ್ಲಿ ಬಂದು ಸೇರುವ ಒಂದು ನಡುಬೀದಿ ಇಲ್ಲ. ಮೆಟಚನ್ ಸುಮಾರು 15,000 ಜನರ ಪುಟ್ಟ ಊರು. ನಾಲ್ಕೂ ಕಡೆ ಎಡಿಸನ್ನೇ. 1900ರಲ್ಲಿ ರಾರಿಟನ್ ಟೌನ್‌ಶಿಪ್‌ನಿಂದ ಬೇರೆಯಾಗಿ ಸ್ವಂತ ಆಡಳಿತ ಕಟ್ಟಿಕೊಂಡಿತು. ಆ ಟೌನ್‌ಶಿಪ್ ಎಡಿಸನ್ ಎಂದು ಹೆಸರು ಬದಲಿಸಿಕೊಂಡಿದ್ದು 1954ರಲ್ಲಿ. ಹಿಂದೆ ಇಲ್ಲಿ ಬರಹಗಾರರು, ಕಲಾವಿದರು ಜಾಸ್ತಿ ಇದ್ದರಂತೆ, ಅದಕ್ಕೆ 'ಬ್ರೇನಿ ಬರೋ', ಅಂದರೆ ಬುದ್ಧಿವಂತರ ಊರು, ಎಂಬ ಅಡ್ಡಹೆಸರು ಇವತ್ತಿಗೂ ಉಳಿದಿದೆ. ಬೀದಿಯ ಬೆಳವಣಿಗೆಗೆ ದುಡಿಯುವ ಮೆಟಚನ್ ಡೌನ್‌ಟೌನ್ ಅಲೈಯನ್ಸ್‌ಗೆ 2023ರಲ್ಲಿ ಇಡೀ ದೇಶದ ಮಟ್ಟದ ಗ್ರೇಟ್ ಅಮೆರಿಕನ್ ಮೇನ್ ಸ್ಟ್ರೀಟ್ ಪ್ರಶಸ್ತಿ ಬಂತು. ನಮಗೆಲ್ಲ ಅದು ಮನೆಯವರಿಗೇ ಬಂದಷ್ಟು ಸಂತೋಷ.

ಈಗ ಏನು ಮಾಡಬೇಕು ಹೇಳುತ್ತೇನೆ. ಮೊದಲನೆಯದು ಬಹಳ ಸಣ್ಣದು. ಮಗಳನ್ನು ಶಾಲೆಗೆ ಬಿಟ್ಟ ಮೇಲೆ ಮೇನ್ ಸ್ಟ್ರೀಟ್‌ನ ಒಂದೇ ಕಾಫಿ ಅಂಗಡಿಗೆ, ಒಂದೇ ಹೊತ್ತಿಗೆ ಹೋಗಿ. ವಾರಕ್ಕೆ ಎರಡು ಸಲ ಸಾಕು. ಇಲ್ಲಿ ಎಷ್ಟೋ ಅಂಗಡಿಗಳಲ್ಲಿ ಮಾಲೀಕರೇ ಕೌಂಟರ್ ಹಿಂದೆ ನಿಂತಿರುತ್ತಾರೆ. ಅವರಿಗೆ ನಿಮ್ಮ ಮುಖ ಪರಿಚಯವಾಗುತ್ತದೆ, ಆಮೇಲೆ ಹೆಸರು, ಆಮೇಲೆ ಮಗಳ ಹೆಸರು. ಪಕ್ಕದ ಟೇಬಲಿನವರಿಗೂ ಅಷ್ಟೇ. ಊರೆಲ್ಲಾ ಸುತ್ತಿ ಹತ್ತು ಅಂಗಡಿ ನೋಡಿದರೆ ಇದು ಆಗುವುದಿಲ್ಲ. ಸಂಜೆ ಯಜಮಾನರು ಬರುವ ರೈಲಿನ ಹೊತ್ತಿಗೆ ಮಗಳನ್ನು ಕರೆದುಕೊಂಡು ಸ್ಟೇಷನ್ ತನಕ ನಡೆದುಹೋಗಿ. ಮೇನ್ ಸ್ಟ್ರೀಟ್ ರೈಲು ಹಳಿಯ ಕೆಳಗೇ ಹಾದುಹೋಗುತ್ತದಲ್ಲ, ಆಫೀಸು ಬಿಟ್ಟವರೆಲ್ಲ ಅಲ್ಲೇ ಇಳಿದು ಮನೆ ಕಡೆ ಹೊರಡುತ್ತಾರೆ. ಮೂವರೂ ಮಾತಾಡುತ್ತಾ ವಾಪಸ್ ನಡೆದು ಬನ್ನಿ. ನಿಮ್ಮ ಹಾಗೇ ಮಕ್ಕಳನ್ನು ಕರೆತಂದ ಬೇರೆ ಮನೆಯವರೂ ಸಿಗುತ್ತಾರೆ.

ಬೇಸಿಗೆಯಲ್ಲಿ ಶನಿವಾರ ರೈತರ ಸಂತೆ ಇರುತ್ತದೆ. ಜರ್ಸಿಯ ಟೊಮೆಟೊ, ಮುಸುಕಿನ ಜೋಳ ಬರುವ ಕಾಲದಲ್ಲಂತೂ ತಪ್ಪಿಸಬೇಡಿ. ಬೆಲೆ ಅಂಗಡಿಗಿಂತ ಸ್ವಲ್ಪ ಜಾಸ್ತಿಯೇ. ಆದರೆ ಬೆಳೆದವರ ಹತ್ತಿರವೇ ನಿಂತು ಮಾತಾಡಬಹುದು. ಟೌನ್ ಪ್ಲಾಜಾದಲ್ಲಿ ಕುರ್ಚಿ ಮೇಜು ಹಾಕಿರುತ್ತಾರೆ, ಸುಮ್ನೆ ಕೂತಿದ್ದರೂ ಯಾರೂ ಎಬ್ಬಿಸುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಕ್ಟೋಬರ್ ಶುರುವಿನಲ್ಲಿ ಬರುವ ಕಂಟ್ರಿ ಫೇರ್. ಅವತ್ತು ಮೇನ್ ಸ್ಟ್ರೀಟ್‌ಗೆ ವಾಹನ ಬಿಡುವುದಿಲ್ಲ. ತಿಂಡಿ, ಹಾಡು ಎಲ್ಲಾ ಇರುತ್ತದೆ, ಆದರೆ ನೀವು ನೋಡಬೇಕಾದದ್ದು ಊರಿನ ಸಂಘಗಳು ಹಾಕಿಕೊಂಡ ಮೇಜುಗಳನ್ನು. ಸ್ಕೌಟ್ಸ್, ಚರ್ಚುಗಳು, ಮಕ್ಕಳ ಆಟದ ಗುಂಪುಗಳು, ಹೀಗೆ. ಪ್ರತಿಯೊಂದರ ಮುಂದೂ ಹೆಸರು ಬರೆಯುವ ಹಾಳೆ ಇರುತ್ತದೆ. ಒಂದರಲ್ಲಿ ನಿಮ್ಮ ಹೆಸರು ಬರೆಯಿರಿ. ಒಂದೇ ಸಾಕು, ಆದರೆ ಕರೆದಾಗ ಹೋಗಿ.

ನನ್ನ ಅನುಭವದಲ್ಲಿ ಈ ದೇಶದಲ್ಲಿ ಸ್ನೇಹ ಬೆಳೆಯುವುದು ಜೊತೆಗೆ ಕೆಲಸ ಮಾಡಿದಾಗ. ಊಟಕ್ಕೆ ಕರೆದು ಕರೆದು ಆಗದ ಪರಿಚಯ, ಪಕ್ಕಪಕ್ಕ ನಿಂತು ಪೆಟ್ಟಿಗೆ ಎತ್ತಿದರೆ ಆಗುತ್ತದೆ. ನಾನು ಹಳೆ ಪುಸ್ತಕ ಮಾರಾಟಕ್ಕೆ ಪುಸ್ತಕ ಜೋಡಿಸಲು ಹೋಗುತ್ತಿದ್ದೆ. ಮೊದಮೊದಲು ಮಾತು ಕಡಿಮೆ. ಮುಂದೊಂದು ಸಲ ನನಗೆ ಆಪರೇಷನ್ ಆದಾಗ ಅಲ್ಲಿ ಜೊತೆಗೆ ಪುಸ್ತಕ ಜೋಡಿಸಿದವರೇ ತಮ್ಮೊಳಗೆ ಸರದಿ ಹಾಕಿಕೊಂಡು ಮನೆಗೆ ಊಟ ತಂದುಕೊಟ್ಟರು. ನಾವು ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂಬುದನ್ನು ಪಟ್ಟಿಯ ಮೇಲೇ ಬರೆದುಕೊಂಡಿದ್ದರು. ಒಬ್ಬರು ಮಕ್ಕಳನ್ನು ಶಾಲೆಯಿಂದ ಕರೆತರುತ್ತಿದ್ದರು. ಅವರನ್ನು ಪರಕೀಯರು ಎನ್ನಲು ನನಗೆ ಇವತ್ತು ನಾಲಿಗೆ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನೀವು ಎಚ್-4 ವೀಸಾದಲ್ಲಿ, ಅಂದರೆ ಯಜಮಾನರ ಎಚ್-1ಬಿ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾದಲ್ಲಿ, ಇದ್ದೀರಿ ಎಂದುಕೊಂಡು ಹೇಳುತ್ತಿದ್ದೇನೆ. ಯಜಮಾನರ ಗ್ರೀನ್ ಕಾರ್ಡಿನ ಐ-140 ಅರ್ಜಿ ಒಪ್ಪಿಗೆ ಆಗಿದ್ದರೆ, 2015ರಿಂದ ಬಂದಿರುವ ನಿಯಮದ ಪ್ರಕಾರ ನೀವು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಪರವಾನಗಿ ಕೈಗೆ ಬರುವ ತನಕ ಸಂಬಳದ ಕೆಲಸ ಮಾಡುವಂತಿಲ್ಲ. ಲಾಭಕ್ಕಲ್ಲದ ಸೇವಾ ಸಂಸ್ಥೆಯಲ್ಲಿ, ಮೊದಲಿಂದಲೂ ಸ್ವಯಂಸೇವಕರೇ ಮಾಡಿಕೊಂಡು ಬಂದ ಕೆಲಸಕ್ಕೆ ಕೈಜೋಡಿಸಬಹುದು. ಆದರೆ ಯಾರದೋ ಅಂಗಡಿಯಲ್ಲೋ ಕಂಪನಿಯಲ್ಲೋ ಪುಕ್ಕಟೆಯಾಗಿ ದುಡಿಯಲು ಒಪ್ಪಬೇಡಿ, ಸಂಬಳ ಇಲ್ಲ ಅಂದ ಮಾತ್ರಕ್ಕೆ ಅದು ಸೇವೆ ಆಗುವುದಿಲ್ಲ. ಅನುಮಾನ ಬಂದರೆ ವೀಸಾ ವಕೀಲರನ್ನು ಒಂದು ಮಾತು ಕೇಳಿ.

ಮಗಳ ಶಾಲೆಯೂ ನಿಮಗೆ ಅನುಕೂಲ. ಊರು ಚಿಕ್ಕದಾದ್ದರಿಂದ ಸರ್ಕಾರಿ ಶಾಲೆಗೆ ಹೋಗುವ ಒಂದನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಓದುತ್ತಾರೆ. ಇವತ್ತು ಗೇಟಿನ ಹತ್ತಿರ ನೋಡಿದ ತಾಯಂದಿರನ್ನೇ ಹತ್ತು ಹನ್ನೆರಡು ವರ್ಷ ನೋಡುತ್ತೀರಿ. ಪೋಷಕರ ಸಂಘದ ಸಭೆಗೆ ಹೋಗಿ. ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ ಎಂದು ಬರೆದಿದ್ದೀರಿ. ನಿಮ್ಮಷ್ಟು ಬಂದರೆ ಧಾರಾಳ ಸಾಕು. ಈ ಭಾಗದಲ್ಲಿ ಬೇರೆ ದೇಶದಿಂದ ಬಂದವರು ಬಹಳ, ಎಲ್ಲರ ಉಚ್ಚಾರಣೆಯೂ ಎಲ್ಲರಿಗೂ ಅಭ್ಯಾಸವಾಗಿದೆ.

ಊರಿನ ಆಡಳಿತ ಕಚೇರಿಯಾದ ಬರೋ ಹಾಲ್ ಇರುವುದೂ ಮೇನ್ ಸ್ಟ್ರೀಟ್‌ನಲ್ಲೇ. ಮೇಯರ್ ಮತ್ತು ಆರು ಜನ ಸದಸ್ಯರು ಅಲ್ಲಿ ಸಭೆ ಸೇರುತ್ತಾರೆ. ನ್ಯೂಜೆರ್ಸಿಯಲ್ಲಿ ಇಂಥ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕು ಎಂದು 1975ರಿಂದ ಕಾನೂನೇ ಇದೆ. ನಮಗೆ ಪೌರತ್ವ ಇಲ್ಲದಿದ್ದರೆ ಮತ ಹಾಕಲಾಗುವುದಿಲ್ಲ, ಆದರೆ ಹೋಗಿ ಕೂತು ಕೇಳಬಹುದು, ಜನರ ಸರದಿ ಬಂದಾಗ ಎದ್ದು ಮಾತಾಡಬಹುದು. ಒಂದು ಸಲವಾದರೂ ಹೋಗಿ ಬನ್ನಿ. ಫುಟ್‌ಪಾತ್, ಪಾರ್ಕಿಂಗ್, ಹೊಸ ಕಟ್ಟಡ, 1928ರಲ್ಲಿ ಕಟ್ಟಿದ ಹಳೆಯ ಫೋರಂ ಥಿಯೇಟರ್ ಮುಂದೇನು, ಇಂಥದ್ದಕ್ಕೆಲ್ಲ ಜನ ಎಷ್ಟು ಕಾಳಜಿಯಿಂದ ಮಾತಾಡುತ್ತಾರೆ ನೋಡಿ. ಒಂದು ಊರು ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ಕಾಣುತ್ತದೆ.

ಎಲ್ಲರೂ ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ಇದೇ ರಾಜ್ಯದ ಜರ್ಸಿ ಸಿಟಿ ಕಡೆ 1987ರಲ್ಲಿ 'ಡಾಟ್‌ಬಸ್ಟರ್ಸ್' ಎಂದು ಹೆಸರಿಟ್ಟುಕೊಂಡವರು ಹಣೆಗೆ ಕುಂಕುಮ ಇಡುವ ನಮ್ಮ ಜನರನ್ನು ಹೊಡೆದು ಬೆದರಿಸಿದ್ದರು. ಹತ್ತಿರದ ಹೊಬೋಕನ್‌ನಲ್ಲಿ ಅದೇ ವರ್ಷ ಒಂದು ಗುಂಪಿನ ಹೊಡೆತಕ್ಕೆ ಸಿಕ್ಕಿ ನವ್‌ರೋಜ್ ಮೋದಿ ಎಂಬ ಯುವಕ ಸತ್ತುಹೋದ. ಆಗ ಇದ್ದವರು ಹೆದರಿ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಅಂಗಡಿ ತೆರೆದರು, ಶಾಲೆಯ ಸಭೆಗಳಿಗೆ ಹೋದರು, ಚುನಾವಣೆಗೂ ನಿಂತರು. 2022ರ ಜನವರಿಯಿಂದ ಎಡಿಸನ್‌ಗೆ ಭಾರತೀಯ ಮೂಲದ ಸ್ಯಾಮ್ ಜೋಶಿ ಮೇಯರ್ ಆದರು. ಇವತ್ತು ನೀವು ಸೀರೆ ಉಟ್ಟು ಮೇನ್ ಸ್ಟ್ರೀಟ್‌ನಲ್ಲಿ ನಿಶ್ಚಿಂತೆಯಿಂದ ನಡೆಯುತ್ತೀರಲ್ಲ, ಅದರ ಹಿಂದೆ ಆ ಜನರ ಧೈರ್ಯ ಇದೆ.

ನಮ್ಮವರನ್ನು ಬಿಡಿ ಎಂದೂ ಅಲ್ಲ. ಬೃಂದಾವನ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಕ್ಕೆ ಖಂಡಿತ ಬನ್ನಿ. ಎಡಿಸನ್‌ನ ಶ್ರೀಕೃಷ್ಣ ವೃಂದಾವನ ದೇವಸ್ಥಾನ ಕಾರಿನಲ್ಲಿ ಸ್ವಲ್ಪವೇ ದೂರ. ಮಗಳಿಗೆ ಕನ್ನಡ ತಪ್ಪಬಾರದು. ಆದರೆ ಅಲ್ಲಿಗೆ ಹೋಗುವುದು ಶನಿವಾರವೋ ಭಾನುವಾರವೋ ಮಾತ್ರ. ಸೋಮವಾರದಿಂದ ಶುಕ್ರವಾರದ ತನಕ ನಿಮ್ಮ ಮಗಳು ಬೆಳೆಯುವುದು ಈ ಬೀದಿಯಲ್ಲಿ. ಇಲ್ಲಿ ಅಮ್ಮನನ್ನು ನಾಲ್ಕು ಜನ ಹೆಸರು ಹಿಡಿದು ಮಾತಾಡಿಸಿದರೆ ಮಗುವಿಗೆ ಇದು ನಮ್ಮೂರು ಅನ್ನಿಸುತ್ತದೆ.

ಜನವರಿ, ಫೆಬ್ರವರಿಯಲ್ಲಿ ಮಾತ್ರ ಬೀದಿ ಖಾಲಿ ಹೊಡೆಯುತ್ತದೆ. ಐದು, ಆರಕ್ಕೆಲ್ಲ ಕತ್ತಲೆ, ಚಳಿ. ಬಂದವರಿಗೆ ಮನಸ್ಸು ಕುಗ್ಗುವುದು ಆಗಲೇ. ಆ ಎರಡು ತಿಂಗಳು ಲೈಬ್ರರಿಯನ್ನು ಹಿಡಿದುಕೊಳ್ಳಿ. ಮಿಡಲ್‌ಸೆಕ್ಸ್ ಅವೆನ್ಯೂದಲ್ಲಿದೆ, ಊರಿನವರಿಗೆ ಕಾರ್ಡು ಉಚಿತ. ಮಕ್ಕಳಿಗೆ ಕಥೆ ಓದುವ ದಿನ ಯಾವುದು ಎಂದು ಕೇಳಿಕೊಂಡು ಆ ದಿನವೇ ಹೋಗಿ. ಹಿಮ ಬಿದ್ದರೆ ಮನೆ ಮುಂದಿನ ಫುಟ್‌ಪಾತ್ ಗೋರುವುದು ನಮ್ಮದೇ ಜವಾಬ್ದಾರಿ. ಪಕ್ಕದಲ್ಲಿ ವಯಸ್ಸಾದವರಿದ್ದರೆ ಅವರ ಭಾಗವನ್ನೂ ಯಜಮಾನರಿಗೆ ಗೋರಲು ಹೇಳಿ.

ಲೈಬ್ರರಿ ಕಾರ್ಡು ಮಾಡಿಸಲು ವಿಳಾಸದ ಪುರಾವೆ ಕೇಳುತ್ತಾರೆ. ಬಾಡಿಗೆ ಕರಾರೋ ಕರೆಂಟ್ ಬಿಲ್ಲೋ ಇಟ್ಟುಕೊಂಡು ಈ ವಾರವೇ ಹೋಗಿ. ಮುಂದಿನ ಶನಿವಾರ ಬೆಳಿಗ್ಗೆ ನಾನು ಸಂತೆಯಲ್ಲಿ ಇರುತ್ತೇನೆ, ಮಗಳನ್ನೂ ಕರೆದುಕೊಂಡು ಬನ್ನಿ. ನನಗೆ ಗೊತ್ತಿರುವವರಿಗೆಲ್ಲ ನಿಮ್ಮನ್ನು ಪರಿಚಯ ಮಾಡಿಸುತ್ತೇನೆ.