ಪಕ್ಕದಲ್ಲಿ ಕೂತವನು

ಪತ್ರ: ಕಳೆದ ಸಂಚಿಕೆಯಲ್ಲಿ ಫುಟ್‌ಬಾಲ್ ಮ್ಯಾನೇಜರ್ ಬ್ರಯಾನ್ ಕ್ಲಫ್ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಸಹಾಯಕನಾಗಿದ್ದ ಪೀಟರ್ ಟೇಲರ್‌ಗೆ ಅರ್ಧ ಪುಟ ಯಾಕೆ? ತಂಡ ಕಟ್ಟುವವನು ಮ್ಯಾನೇಜರ್. ಸಹಾಯಕರು ಬರುತ್ತಾರೆ, ಹೋಗುತ್ತಾರೆ. ಆ ಜಾಗಕ್ಕೆ ಕ್ಲಫ್ ಫೋಟೋ ಹಾಕಬಹುದಿತ್ತು.
– ನಿವೃತ್ತ ದೈಹಿಕ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಕ್ಲಫ್ ದೊಡ್ಡವನು, ಒಪ್ಪಿದೆ. ಆಟಗಾರನಾಗಿ 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದವನು. 1962ರ ಡಿಸೆಂಬರ್ 26ರಂದು ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಮಂಡಿ ಹೋಯಿತು, ಅಲ್ಲಿಗೆ ಆಟವೂ ಹೋದಂತೆಯೇ ಆಯಿತು. ಮೂವತ್ತಕ್ಕೇ ಮ್ಯಾನೇಜರ್ ಆಗಿ ಎದ್ದುನಿಂತ ಆ ಛಲ ಅವನದೇ.

ಆದರೆ ‘ಬರುತ್ತಾರೆ, ಹೋಗುತ್ತಾರೆ’ ಅಂದಿರಲ್ಲ, ಆ ಮಾತು ನನಗೆ ಚುಚ್ಚಿತು. ಟೇಲರ್ ಬಂದಾಗ ಏನಾಯಿತು, ಇಲ್ಲದಾಗ ಏನಾಯಿತು, ಸುಮ್ಮನೆ ಲೆಕ್ಕ ಹಾಕಿ ನೋಡಿ. ಇಬ್ಬರೂ ಸೇರಿ ಎರಡನೇ ದರ್ಜೆಯಲ್ಲಿದ್ದ ಡರ್ಬಿ ಕೌಂಟಿಯನ್ನು 1972ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಮಾಡಿದರು. 1974ರಲ್ಲಿ ಕ್ಲಫ್ ಒಬ್ಬನೇ ಲೀಡ್ಸ್ ಕ್ಲಬ್ಬಿಗೆ ಹೋದ, ಅಷ್ಟರಲ್ಲಿ ಇಬ್ಬರೂ ಸೇರಿಕೊಂಡಿದ್ದ ಬ್ರೈಟನ್ ಕ್ಲಬ್ಬಿನಲ್ಲೇ ಟೇಲರ್ ಉಳಿದ. ಲೀಡ್ಸ್‌ನಲ್ಲಿ ಕ್ಲಫ್ ಬಾಳಿದ್ದು 44 ದಿನ. ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ ಒಂದೂವರೆ ವರ್ಷ ಒಬ್ಬನೇ ತಿಣುಕಿದ. 1976ರಲ್ಲಿ ಟೇಲರ್ ಬಂದು ಸೇರಿಕೊಂಡ. 1977ರಲ್ಲಿ ಮೊದಲ ದರ್ಜೆಗೆ ಬಡ್ತಿ, 1978ರಲ್ಲಿ ಲೀಗ್ ಪ್ರಶಸ್ತಿ, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್! 1982ರಲ್ಲಿ ಟೇಲರ್ ಹೊರಟ. ಆಮೇಲೆ ಹನ್ನೊಂದು ವರ್ಷ ಅಲ್ಲೇ ಇದ್ದರೂ ಕ್ಲಫ್‌ಗೆ ಇನ್ನೊಂದು ಲೀಗ್ ದಕ್ಕಲಿಲ್ಲ. ಟೇಲರ್‌ಗೂ ಒಂಟಿಯಾಗಿ ಅಂಥದ್ದೇನೂ ಸಿಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಟೇಲರ್‌ನ ಆಸ್ತಿ ಅವನ ಕಣ್ಣು. ಮಿಡಲ್ಸ್‌ಬ್ರೋ ಕ್ಲಬ್ಬಿನಲ್ಲಿ ಅವನು ಗೋಲ್‌ಕೀಪರ್, ಕ್ಲಫ್ ಇನ್ನೂ ಯಾರೂ ಲೆಕ್ಕಕ್ಕಿಡದ ಹುಡುಗ. ಇವನಷ್ಟು ಗೋಲು ಹೊಡೆಯುವವರು ಇಲ್ಲಿ ಯಾರೂ ಇಲ್ಲ ಎಂದು ಆಗಲೇ ಸಾರಿದವನು ಟೇಲರ್. ಗ್ಯಾರಿ ಬರ್ಟಲ್ಸ್ ಎಂಬ ಹುಡುಗ ನೆಲಕ್ಕೆ ಟೈಲ್ಸ್ ಹಾಕುವ ಕೆಲಸ ಮಾಡುತ್ತ ಸಣ್ಣದೊಂದು ಕ್ಲಬ್ಬಿಗೆ ಆಡುತ್ತಿದ್ದ. ಅವನ ಆಟಕ್ಕಿಂತ ಹಾಫ್‌ಟೈಮಿನಲ್ಲಿ ಕೊಟ್ಟ ಬಿಸಿ ಸಾರೇ ವಾಸಿ ಎಂದು ಕ್ಲಫ್ ಮೂಗು ಮುರಿದಿದ್ದ. ಟೇಲರ್‌ಗೆ ಮಾತ್ರ ಹುಡುಗ ಹಿಡಿಸಿದ್ದ. ಕೊಟ್ಟದ್ದು 2,000 ಪೌಂಡ್. 1978ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಚಾಂಪಿಯನ್ ಲಿವರ್‌ಪೂಲ್ ವಿರುದ್ಧ ಮೊದಲ ಗೋಲು ಹೊಡೆದವನು ಅದೇ ಬರ್ಟಲ್ಸ್. ಇದೆಲ್ಲ ಅರ್ಧ ಪುಟಕ್ಕೆ ಹೆಚ್ಚಾಯಿತೇ, ಮೇಷ್ಟ್ರೇ?

ನಿಮ್ಮೊಬ್ಬರನ್ನೇ ದೂರುತ್ತಿಲ್ಲ. ಸಂಗೀತ ಕಛೇರಿಯ ಕರಪತ್ರ ನೋಡಿ: ಹಾಡುವವರ ಹೆಸರು ಅಂಗೈ ಅಗಲ, ಪಿಟೀಲು ಮೃದಂಗದವರದ್ದು ಇರುವೆ ಸಾಲು. ನಮ್ಮ ವೃತ್ತಿಯೂ ಇದಕ್ಕೆ ಹೊರತಲ್ಲ. ನಾನು ಹೊಸಬನಾಗಿದ್ದಾಗ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಪ್ರೂಫ್ ಹಾಳೆಯ ಮೇಲೆ ಮರದ ಅಡಿಪಟ್ಟಿ ಇಟ್ಟು, ಒಂದೊಂದೇ ಸಾಲು ಕೆಳಗಿಳಿಸುತ್ತ ಓದುತ್ತಿದ್ದರು. ನನ್ನ ಲೇಖನವೊಂದರಲ್ಲಿ ಒಬ್ಬರು ಹುಟ್ಟುವ ಮೊದಲೇ ತೀರಿಕೊಂಡಿದ್ದರು! ಆ ಇಸವಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಮಾತಿಲ್ಲದೆ ನನ್ನ ಮೇಜಿನ ಮೇಲಿಟ್ಟು ಹೋದರು. ಲೇಖನ ಮೆಚ್ಚಿದ ಪತ್ರಗಳು ಬಂದದ್ದು ನನ್ನ ಹೆಸರಿಗೆ. ಅವರು ನಿವೃತ್ತರಾದಾಗ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಆ ಸಾಲನ್ನು ನಾನಾದರೂ ಬರೆಯಬಹುದಿತ್ತು, ಬರೆಯಲಿಲ್ಲ.

ಫಾರೆಸ್ಟ್ ಬಿಟ್ಟು ಡರ್ಬಿಯ ಮ್ಯಾನೇಜರ್ ಆದ ಟೇಲರ್, ಫಾರೆಸ್ಟ್‌ನ ಜಾನ್ ರಾಬರ್ಟ್‌ಸನ್ ಎಂಬ ಆಟಗಾರನನ್ನು ಅಲ್ಲಿಗೆ ಕರೆದುಕೊಂಡ ಮೇಲೆ ಗೆಳೆಯರಿಬ್ಬರ ಮಾತು ನಿಂತುಹೋಯಿತು. 1990ರಲ್ಲಿ ಟೇಲರ್ ತೀರಿಕೊಳ್ಳುವವರೆಗೂ ರಾಜಿಯಾಗಲಿಲ್ಲ. ಡರ್ಬಿಯವರು 2010ರಲ್ಲಿ ಮೈದಾನದ ಹೊರಗೆ ಕಂಚಿನ ಪ್ರತಿಮೆ ನಿಲ್ಲಿಸಿದರು, ಇಬ್ಬರದ್ದೂ ಒಟ್ಟಿಗೆ. ನೀವು ಕೇಳಿದ ಕ್ಲಫ್ ಫೋಟೋಗೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ. ಹಾಕುವುದು ಈ ಪ್ರತಿಮೆಯದ್ದನ್ನೇ.