ಹಳೇ ವಿಮಾನದ ರಿವೆಟ್ ಸುತ್ತ ಬಿಳಿ ಪುಡಿ: ಪ್ರತಿಕ್ರಿಯೆ

ಕಾರವಾರದ ನಿಮ್ಮ ಕಾಲೇಜಿನ ಅಂಗಳದಲ್ಲಿಟ್ಟ ಹಳೇ ವಾಯುಪಡೆ ವಿಮಾನದಲ್ಲಿ ರಿವೆಟ್ (ತಗಡುಗಳನ್ನು ಜೋಡಿಸುವ ಮೊಳೆ) ಸುತ್ತ ಪೇಂಟ್ ಉಬ್ಬಿ ಬಿಳಿ ಪುಡಿ ಬರುತ್ತಿದೆ ಎಂದಿದ್ದೀರಿ. ಅದು ಬಹುತೇಕ ಅಲ್ಯೂಮಿನಿಯಂ ತುಕ್ಕೇ. ಕಡಲ ಗಾಳಿಯ ಉಪ್ಪು ಪೇಂಟಿನ ಬಿರುಕಿಗೆ ಇಳಿದಿದೆ. ಉಕ್ಕಿನ ಸ್ಕ್ರೂ ಇರುವ ಕಡೆ ಇನ್ನೂ ಜಾಸ್ತಿ, ಅಲ್ವಾ? ಎರಡು ಬೇರೆ ಬೇರೆ ಲೋಹ ತಾಗುವಲ್ಲಿ ಹಾಗೇ ಆಗುವುದು. ಸುಮ್ನೆ ಮೇಲಿಂದ ಹೊಸ ಪೇಂಟ್ ಹೊಡೆಸಬೇಡಿ, ಒಳಗೊಳಗೇ ತಿನ್ನುತ್ತದೆ.

ಮೊದಲು ಸಿಹಿನೀರಲ್ಲಿ ಮೆಲ್ಲಗೆ ತೊಳೆಯಿರಿ. ಪ್ರೆಷರ್ ವಾಷರ್ ಬೇಡ, ಉಪ್ಪನ್ನು ಸಂದಿಯೊಳಗೆ ತಳ್ಳುತ್ತದೆ. ಹೊಟ್ಟೆಯಡಿಯ ಡ್ರೈನ್ ತೂತುಗಳನ್ನು ತಪ್ಪದೆ ನೋಡಿ. ಕಣಜದ ಹುಳ ಕಟ್ಟಿದ ಮಣ್ಣು ತುಂಬಿಕೊಂಡಿದ್ದರೆ ಮಳೆನೀರು ಒಳಗೇ ನಿಲ್ಲುತ್ತದೆ.

ಆಮೇಲೆ ಉಬ್ಬಿದ ಪೇಂಟ್ ತೆಗೆದು, ಅಲ್ಯೂಮಿನಿಯಂ ಆಕ್ಸೈಡ್ ಸ್ಯಾಂಡ್ ಪೇಪರಿನಿಂದ ನೀರು ಹಾಕಿಯೇ ಉಜ್ಜಿ. ಪೇಂಟಿನಡಿ ಬಳಿದ ಹಳೇ ಪ್ರೈಮರ್‌ನಲ್ಲಿ ಕ್ರೋಮೇಟ್ ಎಂಬ ಕ್ರೋಮಿಯಂ ರಾಸಾಯನಿಕ ಇರಬಹುದು, ಅದರ ಧೂಳಿನಿಂದ ಕ್ಯಾನ್ಸರ್ ಬರುವ ಅಪಾಯವಿದೆ. ಒಳ್ಳೇ ಮಾಸ್ಕ್, ಕೈಗವಸು ಬೇಕೇಬೇಕು. ವಿದ್ಯಾರ್ಥಿಗಳಿಂದ ದಯವಿಟ್ಟು ಮಾಡಿಸಬೇಡಿ. ಉಕ್ಕಿನ ಬ್ರಷ್ ಮುಟ್ಟಬೇಡಿ, ಅದರ ಚೂರು ಸಿಕ್ಕಿಕೊಂಡರೆ ಮತ್ತೆ ತುಕ್ಕು.

ಹೊಳಪು ಬಂದ ದಿನವೇ ಕನ್ವರ್ಷನ್ ಕೋಟಿಂಗ್ (ಲೋಹದ ಮೇಲ್ಮೈಯನ್ನೇ ರಕ್ಷಣೆಯ ಪದರವಾಗಿಸುವ ರಾಸಾಯನಿಕ) ಹಚ್ಚಿ. ಅದರ ಮೇಲೆ ಎಪಾಕ್ಸಿ ಪ್ರೈಮರ್, ಕೊನೆಗೆ ಪಾಲಿಯುರೆಥೇನ್ ಪೇಂಟ್.

ತಗಡಿನ ಒಳಗೆ ತುಕ್ಕು ಎಷ್ಟು ಹೋಗಿದೆ ಅನ್ನೋದು ಫೋಟೋದಲ್ಲಿ ತಿಳಿಯುವುದಿಲ್ಲ. ಅಂಚು ಈರುಳ್ಳಿಯ ಹಾಗೆ ಪದರ ಬಿಟ್ಟಿದ್ದರೆ ಅಲ್ಲೇ ನಿಲ್ಲಿಸಿ, ವಿಮಾನದ ಕೆಲಸ ಬಲ್ಲ ಎಂಜಿನಿಯರ್‌ಗೆ ತೋರಿಸಿ. ಇಲ್ಲದಿದ್ದರೆ ಜೂನ್ ಮಳೆ ಹಿಡಿಯುವ ಮುಂಚೆ ಮುಗಿಸಿಬಿಡಿ.